ಮೂರನೇ ಚೀಟಿ

ದೇವನಹಳ್ಳಿಯ ಹಳೇ ಊರಿನಲ್ಲಿ, ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಔಷಧಿ ಅಂಗಡಿ. ನಡೆಸುವವಳು ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ಓದಿ, ಮುಂದೆ ಫಾರ್ಮಸಿ ಕಲಿತು ಬಂದ ಹೆಣ್ಣುಮಗಳು. ಎದುರಿಗೆ ಸ್ಟೂಲಿನ ಮೇಲೆ ಕೂತವರು ಅವಳಿಗೆ ವಿಜ್ಞಾನ ಕಲಿಸಿದ ಮೇಷ್ಟ್ರು. ಈಗ ಎಪ್ಪತ್ತರ ಆಸುಪಾಸು. ಸಂಜೆ ಏಳೂವರೆ, ಗಿರಾಕಿಗಳು ಕಡಿಮೆಯಾಗಿದ್ದ ಹೊತ್ತು.

ಮೇಷ್ಟ್ರು: ಒಂದು ಸೆಟ್ರಿಜಿನ್ ಸ್ಟ್ರಿಪ್ ಕೊಡಮ್ಮಾ. ಬೆಳಗ್ಗೆ ಎದ್ದರೆ ಇಪ್ಪತ್ತು ಸೀನು. ಪಕ್ಕದ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡ ಹೂ ಬಿಟ್ಟಿದೆ. ಅದರ ಜೊತೆಗೆ ರಸ್ತೆ ಅಗೆದ ಧೂಳು ಬೇರೆ.

ಶಿಷ್ಯೆ: ಕೊಡ್ತೀನಿ ಮೇಷ್ಟ್ರೇ. ಆದರೆ ನಿಮ್ಮ ಅಟೋರ್ವಾಸ್ಟಾಟಿನ್ ಈ ತಿಂಗಳು ತಗೊಂಡು ಹೋಗಲೇ ಇಲ್ಲವಲ್ಲ? ಉಳಿದ ಮಾತ್ರೆ ಎಲ್ಲ ಒಯ್ದಿದ್ದೀರಿ.

ಮೇಷ್ಟ್ರು: ಅದನ್ನ ನಿಲ್ಲಿಸಿದ್ದೀನಿ. ಸೀನು ನಿಲ್ಲೋ ತನಕ ಬೇಡ ಅಂತ. ವಾಕಿಂಗಿಗೆ ಬರೋ ಸ್ನೇಹಿತರೊಬ್ಬರು ಹೇಳಿದರು, ಕೊಲೆಸ್ಟ್ರಾಲ್ ಮಾತ್ರೆ ಮೇಲೆ ಅಲರ್ಜಿ ಮಾತ್ರೆ ನುಂಗಿದರೆ ಹೃದಯದ ಬಡಿತವೇ ತಪ್ಪಿಹೋಗುತ್ತಂತೆ.

ಶಿಷ್ಯೆ: ಎಷ್ಟು ದಿನ ಆಯ್ತು ನಿಲ್ಲಿಸಿ?

ಮೇಷ್ಟ್ರು: ಹನ್ನೆರಡು ದಿನ.

ಶಿಷ್ಯೆ: ಮೇಷ್ಟ್ರೇ, ಹೋದ ವರ್ಷ ನಿಮಗೆ ಸ್ಟೆಂಟ್ ಹಾಕಿದ್ದಾರೆ. ಆ ಮಾತ್ರೆ ಬರೀ ರಿಪೋರ್ಟಿನ ಸಂಖ್ಯೆ ಇಳಿಸೋಕೆ ಅಂತ ಅಲ್ಲ. ರಕ್ತನಾಳದ ಗೋಡೆಗೆ ಅಂಟಿಕೊಂಡ ಕೊಬ್ಬಿನ ಗಂಟು ಒಡೆಯದ ಹಾಗೆ ಗಟ್ಟಿ ಹಿಡಿಯೋದೂ ಅದೇ. ಒಡೆದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್. ಸೀನಿಗೆ ಹೆದರಿ ನೀವು ಬಿಟ್ಟಿದ್ದು ನಿಮ್ಮನ್ನ ಕಾಯ್ತಿದ್ದ ಮಾತ್ರೆಯನ್ನೇ. ಇವತ್ತು ರಾತ್ರಿ ಊಟ ಆದಮೇಲೆ ತಗೊಳ್ಳಿ, ಯಾವತ್ತಿನಷ್ಟೇ. ಬಿಟ್ಟ ದಿನಗಳ ಲೆಕ್ಕ ಹಾಕಿ ಎರಡು ನುಂಗಬೇಡಿ. ಹನ್ನೆರಡು ದಿನ ಬಿಟ್ಟಿದ್ದನ್ನ ಹೃದಯದ ಡಾಕ್ಟ್ರಿಗೆ ನಾಳೆ ಹೇಳಿಬಿಡಿ.

ಮೇಷ್ಟ್ರು: ಸೆಟ್ರಿಜಿನ್?

ಶಿಷ್ಯೆ: ಅದನ್ನೂ ತಗೊಳ್ಳಿ, ಎರಡನ್ನೂ ಒಟ್ಟಿಗೇ. ಇವೆರಡಕ್ಕೂ ಜಗಳ ಇಲ್ಲ.

ಮೇಷ್ಟ್ರು: ನೀನು ಹೇಳಿದೆ ಅಂತ ನಂಬೋದಾದರೆ ಅವರು ಹೇಳಿದ್ದನ್ನೂ ನಂಬಬೇಕಾಗುತ್ತೆ. ಕಾರಣ ಹೇಳು.

ಶಿಷ್ಯೆ: ಹೇಳ್ತೀನಿ. ನುಂಗಿದ ಮಾತ್ರೆ ಕೆಲಸ ಮುಗಿಸಿ ಮೈಯಿಂದ ಆಚೆ ಹೋಗಬೇಕಲ್ಲ. ಅಟೋರ್ವಾಸ್ಟಾಟಿನ್ ಹೋಗೋದು ಲಿವರಿನ ಮೂಲಕ. ಅಲ್ಲಿ ಅದನ್ನ ಮುರಿಯೋ ಕಿಣ್ವಕ್ಕೆ ಸಿವೈಪಿ3ಎ4 ಅಂತ ಹೆಸರು. ನಮ್ಮ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸೋ ಯಂತ್ರ ಒಂದೇ ಇರುತ್ತೆ, ಊರಿನ ಅರ್ಧ ಕಾರ್ಡುದಾರರು ಅದರ ಮುಂದೆ ನಿಂತಿರ್ತಾರೆ. ಈ ಕಿಣ್ವದ ಮುಂದೆಯೂ ಹಾಗೇ, ನಾವು ನುಂಗೋ ಔಷಧಿಗಳಲ್ಲಿ ದೊಡ್ಡ ಪಾಲು ಸಾಲು ನಿಲ್ಲೋದು ಇಲ್ಲೇ. ಸೆಟ್ರಿಜಿನ್ ಆ ಸಾಲಿಗೇ ಬರೋದಿಲ್ಲ. ಅದರ ಬಹುಪಾಲು ಮುರಿಯದೆ, ಇದ್ದ ರೂಪದಲ್ಲೇ ಮೂತ್ರದಲ್ಲಿ ಹೊರಟುಹೋಗುತ್ತೆ. ಲಿವೋಸೆಟ್ರಿಜಿನ್ ಕಥೆಯೂ ಅದೇ.

ಮೇಷ್ಟ್ರು: ಅಂದರೆ ಕಿಡ್ನಿ ಕೆಟ್ಟವರಿಗೆ ತೊಂದರೆ.

ಶಿಷ್ಯೆ: ಹೌದು, ಅವರಿಗೆ ಡಾಕ್ಟ್ರು ಪ್ರಮಾಣ ಇಳಿಸ್ತಾರೆ. ನಿಮ್ಮ ಕ್ರಿಯಾಟಿನಿನ್ ಸರಿ ಇದೆ, ಹೋದ ತಿಂಗಳ ರಿಪೋರ್ಟು ನಾನೇ ನೋಡಿದ್ದೆ. ಇನ್ನು ಫೆಕ್ಸೋಫೆನಡಿನ್ ಅಂತ ಒಂದಿದೆ, ನಿದ್ದೆ ಬರೋದು ಬಹಳ ಕಡಿಮೆ. ಅದೂ ಲಿವರಿನಲ್ಲಿ ಹೆಚ್ಚು ಮುರಿಯೋದಿಲ್ಲ, ಬಹುಪಾಲು ಮಲದಲ್ಲಿ ಹೋಗುತ್ತೆ. ಲೊರಾಟಡಿನ್ ಮಾತ್ರ ಆ ಸಾಲಿನಲ್ಲಿ ನಿಲ್ಲುತ್ತೆ. ಆದರೆ ತನ್ನ ಸರದಿ ಮುಗಿಸಿಕೊಂಡು ಹೋಗುತ್ತೆ, ಯಂತ್ರ ಕೆಡಿಸೋದಿಲ್ಲ. ಜೊತೆಗೆ ಅದಕ್ಕೆ ಇನ್ನೊಂದು ಕಿಣ್ವದ ದಾರಿಯೂ ಇದೆ.

ಮೇಷ್ಟ್ರು: ಹಾಗಾದರೆ ಆ ಹೃದಯದ ಬಡಿತದ ಮಾತು ಹುಟ್ಟಿದ್ದು ಎಲ್ಲಿಂದ? ಬೆಂಕಿ ಇಲ್ಲದೆ ಹೊಗೆ ಬಂತೇ?

ಶಿಷ್ಯೆ: ಬೆಂಕಿ ಇತ್ತು ಮೇಷ್ಟ್ರೇ. ಅಮೆರಿಕದಲ್ಲಿ 1985ರಲ್ಲಿ ಟರ್ಫೆನಡಿನ್ ಅನ್ನೋ ಅಲರ್ಜಿ ಮಾತ್ರೆ ಬಂತು. ಅದಕ್ಕೆ ಮುಂಚಿನವೆಲ್ಲ ನಿದ್ದೆ ಬರಿಸ್ತಿದ್ದವು, ಇದು ಬರಿಸ್ತಿರಲಿಲ್ಲ. ಲಕ್ಷಾಂತರ ಜನ ತಗೊಂಡರು. ವಿಚಿತ್ರ ಏನಂದರೆ ಟರ್ಫೆನಡಿನ್ ತಾನಾಗಿ ಅಲರ್ಜಿಗೆ ಅಷ್ಟೇನೂ ಕೆಲಸ ಮಾಡ್ತಿರಲಿಲ್ಲ. ಲಿವರಿಗೆ ಹೋಗಿ, ಇದೇ ಸಿವೈಪಿ3ಎ4 ಕೈಯಲ್ಲಿ ಬದಲಾಗಿ ಬಂದ ವಸ್ತು ಕೆಲಸ ಮಾಡ್ತಿತ್ತು. ಆರೋಗ್ಯವಂತರ ರಕ್ತದಲ್ಲಿ ಮೂಲ ಟರ್ಫೆನಡಿನ್ ಉಳೀತಾನೇ ಇರಲಿಲ್ಲ ಅನ್ನಬಹುದು. 1990ರಲ್ಲಿ ಒಂದು ವರದಿ ಬಂತು. ಮೂವತ್ತೊಂಬತ್ತು ವರ್ಷದ ಒಬ್ಬ ಹೆಂಗಸು ಮತ್ತೆ ಮತ್ತೆ ಎಚ್ಚರ ತಪ್ಪಿ ಬಿದ್ದು ಆಸ್ಪತ್ರೆ ಸೇರಿದ್ದರು. ಡಾಕ್ಟ್ರು ಬರೆದುಕೊಟ್ಟ ಟರ್ಫೆನಡಿನ್ ನಡೀತಿತ್ತು. ಮಧ್ಯದಲ್ಲಿ ಮನೆಯಲ್ಲಿ ಹಿಂದೆ ಮಿಕ್ಕಿದ್ದ ಕೀಟೋಕೊನಜೋಲ್ ಅನ್ನ ತಾವೇ ಶುರು ಮಾಡಿದ್ದರು.

ಮೇಷ್ಟ್ರು: ಅದು ಯಾವುದಕ್ಕೆ?

ಶಿಷ್ಯೆ: ಶಿಲೀಂಧ್ರದ ಸೋಂಕಿಗೆ. ಆ ಕೀಟೋಕೊನಜೋಲ್ ಹೋಗಿ ಕಿಣ್ವವನ್ನ ಅದುಮಿ ಹಿಡೀತು. ಟರ್ಫೆನಡಿನ್ ಬದಲಾಗದೆ ರಕ್ತದಲ್ಲೇ ಉಳೀತು. ಬದಲಾಗದ ಟರ್ಫೆನಡಿನ್ ಹೃದಯದ ಬಡಿತದ ಲಯ ಕೆಡಿಸುತ್ತೆ ಅಂತ ಆಮೇಲೆ ಖಚಿತವಾಯ್ತು. 1992ರಲ್ಲಿ ಅದರ ಮಾಹಿತಿ ಹಾಳೆಯಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿದರು, ಕೊನೆಗೆ ಮಾತ್ರೆಯನ್ನೇ ಮಾರುಕಟ್ಟೆಯಿಂದ ತೆಗೆದರು. ಅದು ಬದಲಾಗಿ ಆಗ್ತಿದ್ದ ವಸ್ತು ಇತ್ತಲ್ಲ, ಹೃದಯಕ್ಕೆ ತೊಂದರೆ ಮಾಡದ ಆ ವಸ್ತುವನ್ನೇ 1996ರಲ್ಲಿ ಬೇರೆ ಮಾತ್ರೆಯಾಗಿ ತಂದರು. ನಾನು ಈಗ ಹೇಳಿದ ಫೆಕ್ಸೋಫೆನಡಿನ್ ಅದೇ. ನಿಮ್ಮ ಸ್ನೇಹಿತರ ಕಿವಿಗೆ ಬಿದ್ದಿದ್ದು ಆ ಕಾಲದ ಸುದ್ದಿಯ ಚೂರು ಇರಬೇಕು. ಅಲ್ಲಿ ಅಲರ್ಜಿ ಮಾತ್ರೆ ಇತ್ತು, ಆದರೆ ಅದನ್ನ ವಿಷ ಮಾಡಿದ್ದು ಪಕ್ಕದಲ್ಲಿ ಬಂದು ಕೂತ ಇನ್ನೊಂದು ಮಾತ್ರೆ.

ಮೇಷ್ಟ್ರು: (ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಒಂದು ಚೀಟಿ ತೆಗೆದು) ಶಿಲೀಂಧ್ರ ಅಂದೆಯಲ್ಲ. ಇದೊಂದು ನೋಡು. ಸೊಂಟದ ಹತ್ತಿರ ಉಂಗುರದ ಹಾಗೆ ಕೆರೆತ, ಹುಳುಕಡ್ಡಿ. ಮಧ್ಯಾಹ್ನ ಚರ್ಮದ ಡಾಕ್ಟ್ರ ಹತ್ತಿರ ಹೋಗಿದ್ದೆ. ಮಾತ್ರೆಯನ್ನ ಅಲ್ಲೇ ಕ್ಲಿನಿಕ್ಕಿನ ಪಕ್ಕದ ಅಂಗಡಿಯಲ್ಲಿ ತಗೊಂಡೆ. ರಾತ್ರಿಯಿಂದ ಶುರು ಮಾಡಬೇಕು.

ಶಿಷ್ಯೆ: ಇಟ್ರಾಕೊನಜೋಲ್. ಜೊತೆಗೆ ಲಿವೋಸೆಟ್ರಿಜಿನ್, ಒಂದು ಮುಲಾಮು. ಮೇಷ್ಟ್ರೇ, ಬೇರೆ ಯಾವ ಮಾತ್ರೆ ತಗೋತೀರಿ ಅಂತ ಅಲ್ಲಿ ಯಾರಾದರೂ ಕೇಳಿದರಾ?

ಮೇಷ್ಟ್ರು: ಹೊರಗಡೆ ನಲವತ್ತು ಜನ ಕಾಯ್ತಿದ್ದರು. ಅವರು ಕೇಳಲಿಲ್ಲ, ಹುಳುಕಡ್ಡಿಗೂ ಹೃದಯಕ್ಕೂ ಏನು ಸಂಬಂಧ ಅಂತ ನಾನೂ ಹೇಳಲಿಲ್ಲ.

ಶಿಷ್ಯೆ: ಇದನ್ನ ಇವತ್ತು ನುಂಗಬೇಡಿ. ಸೆಟ್ರಿಜಿನ್ ಕೇಳೋಕೆ ಬಂದಿರಿ, ನಿಜವಾಗಿ ಕೇಳಬೇಕಾಗಿದ್ದಿದ್ದು ಇದನ್ನ. ಇಟ್ರಾಕೊನಜೋಲ್ ಕೀಟೋಕೊನಜೋಲಿನ ವಂಶದ್ದೇ. ಹೆಬ್ಬೆಟ್ಟಿನ ಯಂತ್ರದ ಮೇಲೆ ಬೆರಳಿಟ್ಟು ತೆಗೆಯದೇ ನಿಂತುಬಿಡೋ ಜಾತಿ. ಇದರ ಜೊತೆ ಅಟೋರ್ವಾಸ್ಟಾಟಿನ್ ತಗೊಂಡರೆ ರಕ್ತದಲ್ಲಿ ಅದರ ಮಟ್ಟ ಮೂರು ಪಟ್ಟಿಗೂ ಮೇಲೆ ಏರುತ್ತೆ. ನೀವು ನುಂಗೋದು 40 ಮಿಲಿಗ್ರಾಂ, ಇಟ್ರಾಕೊನಜೋಲ್ ಜೊತೆಗೆ 20 ದಾಟಬಾರದು ಅಂತ ಇದೆ. ಸಿಮ್ವಾಸ್ಟಾಟಿನ್ ಅನ್ನೋ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಆದರೆ ಜೊತೆಗೆ ಕೊಡಲೇಬಾರದು.

ಮೇಷ್ಟ್ರು: ಶಿಲೀಂಧ್ರ ಕೊಲ್ಲೋ ಮಾತ್ರೆಗೆ ನನ್ನ ಲಿವರಿನ ಕಿಣ್ವದ ಹತ್ತಿರ ಏನು ಕೆಲಸ? ನನಗೆ ಅದು ಅರ್ಥವಾಗಲಿಲ್ಲ.

ಶಿಷ್ಯೆ: ಒಳ್ಳೇ ಪ್ರಶ್ನೆ. ಕಾಲೇಜಿನಲ್ಲಿ ಇದನ್ನ ಓದಿದಾಗ ನನಗೆ ನಿಮ್ಮ ಕ್ಲಾಸೇ ನೆನಪಾಗಿತ್ತು. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟ್ರಾಲ್ ಹೇಗೆ ಬೇಕೋ, ಶಿಲೀಂಧ್ರದ ಪೊರೆಗೆ ಎರ್ಗೊಸ್ಟೆರಾಲ್ ಹಾಗೆ ಬೇಕು. ಅದನ್ನ ತಯಾರಿಸೋಕೆ ಶಿಲೀಂಧ್ರ ಬಳಸೋ ಕಿಣ್ವಗಳಲ್ಲಿ ಒಂದು ಇದೇ ಸಿವೈಪಿ ಕುಟುಂಬದ್ದು. ಇಟ್ರಾಕೊನಜೋಲ್ ಹೋಗಿ ಆ ಕಿಣ್ವದ ನಡುವಿನ ಕಬ್ಬಿಣದ ಪರಮಾಣುವನ್ನ ಕಚ್ಚಿ ಹಿಡಿಯುತ್ತೆ, ಶಿಲೀಂಧ್ರ ಬೆಳೆಯೋದು ನಿಲ್ಲುತ್ತೆ. ನಮ್ಮ ಲಿವರಿನ ಕಿಣ್ವದ ನಡುವೆಯೂ ಅಂಥದ್ದೇ ಕಬ್ಬಿಣ ಇದೆ. ಮಾತ್ರೆಗೆ ಎರಡರ ವ್ಯತ್ಯಾಸ ಪೂರ್ತಿ ತಿಳಿಯೋದಿಲ್ಲ.

ಮೇಷ್ಟ್ರು: ನೆಂಟರ ಮನೆ ಅಂತ ತಪ್ಪು ಬಾಗಿಲು ತಟ್ಟಿದ ಹಾಗೆ.

ಶಿಷ್ಯೆ: ಸರಿಯಾಗಿ ಹೇಳಿದಿರಿ. ಇನ್ನೊಂದು ಕೇಳಿ. ನಿಮ್ಮ ಕೊಲೆಸ್ಟ್ರಾಲ್ ಮಾತ್ರೆಯ ಮೂಲ ಇರೋದು ಬೂಷ್ಟಿನಲ್ಲೇ. ಜಪಾನಿನ ಅಕಿರಾ ಎಂಡೋ ಅನ್ನೋ ವಿಜ್ಞಾನಿ ಆರು ಸಾವಿರಕ್ಕೂ ಹೆಚ್ಚು ಶಿಲೀಂಧ್ರಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿದರು. ಕೊಲೆಸ್ಟ್ರಾಲ್ ತಯಾರಿಕೆಯನ್ನ ತಡೆದು ಎದುರಾಳಿ ಸೂಕ್ಷ್ಮಜೀವಿಯನ್ನ ಸೋಲಿಸೋ ಬೂಷ್ಟು ಎಲ್ಲೋ ಇರಲೇಬೇಕು ಅಂತ ಅವರ ಊಹೆ. 1973ರಲ್ಲಿ ಸಿಕ್ಕಿತು, ಕ್ಯೋಟೋ ಊರಿನ ಧಾನ್ಯದ ಅಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ ಹಸಿರು ಬೂಷ್ಟಿನಲ್ಲಿ. ಸ್ಟಾಟಿನ್ ಅಂತ ಕರೆಯೋ ಈ ಕೊಲೆಸ್ಟ್ರಾಲ್ ಮಾತ್ರೆಗಳಲ್ಲಿ ಮೊದಲು ಮಾರುಕಟ್ಟೆಗೆ ಬಂದ ಲೊವಾಸ್ಟಾಟಿನಿಗೆ ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಸಿಕ್ಕಿತು. ಎಂಡೋ 2024ರಲ್ಲಿ ತೀರಿಕೊಂಡರು.

ಮೇಷ್ಟ್ರು: ಆರು ಸಾವಿರ! ಈ ಮಾತು ಮಕ್ಕಳಿಗೆ ಹೇಳೋಕೆ ಆಗ ನನಗೆ ಗೊತ್ತಿರಲಿಲ್ಲವಲ್ಲ. ಸರಿ, ಮಟ್ಟ ಮೂರು ಪಟ್ಟು ಏರಿದರೆ ಆಗೋದೇನು?

ಶಿಷ್ಯೆ: ಸ್ನಾಯು ಕರಗುತ್ತೆ. ಎಲ್ಲರಿಗೂ ಅಲ್ಲ, ಅಪರೂಪಕ್ಕೆ. ಆದರೆ ಆದಾಗ ಅದು ಸಣ್ಣ ವಿಷಯ ಅಲ್ಲ. ಎರಡೂ ತೊಡೆ, ಭುಜ ಒಟ್ಟಿಗೆ ನೋಯುತ್ತೆ, ಕೂತವರಿಗೆ ಏಳೋಕೆ ಕೈ ಊರಬೇಕಾಗುತ್ತೆ. ಮೂತ್ರ ಕಡು ಕಂದು, ಡಿಕಾಕ್ಷನ್ ಬಣ್ಣ. ಒಡೆದ ಸ್ನಾಯುವಿನ ಕಸ ಕಿಡ್ನಿಯಲ್ಲಿ ಸಿಕ್ಕಿಕೊಂಡರೆ ಡಯಾಲಿಸಿಸ್ ತನಕ ಹೋಗಬಹುದು. ಎರಡು ವರ್ಷದ ಹಿಂದೆ ನಮ್ಮ ಅಂಗಡಿಗೆ ಒಬ್ಬರು ಅಜ್ಜಿ ಮಂಡಿನೋವಿನ ಎಣ್ಣೆ ಕೇಳಿಕೊಂಡು ಬಂದಿದ್ದರು. ಸುಮ್ಮನೆ ಮಾತಾಡಿಸಿದೆ. ನೋವು ಮಂಡಿಯದಲ್ಲ, ತೊಡೆಯದು. ಮೂರು ವಾರದಿಂದ ಹುಳುಕಡ್ಡಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಎರಡೂ ನಡೆದಿದ್ದವು, ಚೀಟಿಗಳು ಬೇರೆ ಬೇರೆ ಕಡೆಯವು. ಎಣ್ಣೆ ಕೊಡದೆ ಆಸ್ಪತ್ರೆಗೆ ಕಳಿಸಿದೆ, ಸ್ನಾಯು ಒಡೆದಾಗ ರಕ್ತದಲ್ಲಿ ಏರೋ ಸಿಪಿಕೆ ಎಷ್ಟೋ ಪಟ್ಟು ಹೆಚ್ಚಿತ್ತು. ಸರಿಹೋದರು. ಅವತ್ತು ಮಾತಾಡಿಸದೆ ಎಣ್ಣೆ ಕೊಟ್ಟು ಕಳಿಸಿದ್ದರೆ ಅಂತ ಈಗಲೂ ಎದೆ ಝಲ್ ಅನ್ನುತ್ತೆ. ಇವತ್ತು ನಮ್ಮಲ್ಲಿ ಹುಳುಕಡ್ಡಿ ಹೇಗೆ ಹರಡಿದೆ ಅಂದರೆ, ಹಳೇ ಮಾತ್ರೆ ಮುಲಾಮುಗಳಿಗೆ ಎಷ್ಟೋ ಸಲ ಬಗ್ಗೋದೇ ಇಲ್ಲ. ಹಾಗಾಗಿ ವಾರಗಟ್ಟಲೆ ಇಟ್ರಾಕೊನಜೋಲ್ ಬರೀತಾರೆ, ಕೆರೆತಕ್ಕೆ ಅಂತ ಪಕ್ಕದಲ್ಲೇ ಲಿವೋಸೆಟ್ರಿಜಿನ್. ಜನ ಇಡೀ ಚೀಟಿಗೆ ‘ಅಲರ್ಜಿ ಮಾತ್ರೆ’ ಅಂತ ಒಂದೇ ಹೆಸರಿಡ್ತಾರೆ. ನನ್ನ ಭಯ ಇರೋದೇ ಅಲ್ಲಿ.

ಮೇಷ್ಟ್ರು: ಹಾಗಿದ್ದರೆ ಹುಳುಕಡ್ಡಿ ವಾಸಿಯಾಗೋ ತನಕ ಕೊಲೆಸ್ಟ್ರಾಲ್ ಮಾತ್ರೆ ಬಿಡೋದು ಸರಿ ಅಂತಾಯ್ತು. ನಾನು ಮಾಡಿದ್ದೂ ಅದೇ ತಾನೇ?

ಶಿಷ್ಯೆ: ನೀವು ಯಾರನ್ನೂ ಕೇಳದೆ ಬಿಟ್ಟಿರಿ. ಕೇಳಿದ್ದರೆ ಬಿಡದೇ ಇರೋ ದಾರಿ ಸಿಗ್ತಿತ್ತು. ಹೃದಯದ ಡಾಕ್ಟ್ರು ಅಟೋರ್ವಾ ಬದಲು ರೋಸುವಾಸ್ಟಾಟಿನ್ ಕೊಡಬಹುದು, ಅದು ಈ ಕಿಣ್ವವನ್ನ ನೆಚ್ಚಿಕೊಂಡಿಲ್ಲ. ಚರ್ಮದ ಡಾಕ್ಟ್ರು ಇಟ್ರಾಕೊನಜೋಲ್ ಬದಲು ಟರ್ಬಿನಾಫಿನ್ ಬರೆಯಬಹುದು, ಅದಕ್ಕೂ ಈ ಕಿಣ್ವಕ್ಕೂ ಜಗಳ ಇಲ್ಲ. ಆದರೆ ನೀವು ಹೃದಯದ ಬಡಿತ ನಿಧಾನ ಮಾಡೋ ಮೆಟೊಪ್ರೊಲಾಲ್ ಬೇರೆ ತಗೋತೀರಿ. ಟರ್ಬಿನಾಫಿನ್ ಹೋಗಿ ಅದನ್ನ ಮುರಿಯೋ ಬೇರೊಂದು ಕಿಣ್ವವನ್ನ ಹಿಡಿಯುತ್ತೆ, ನಾಡಿ ನಿಧಾನವಾಗಬಹುದು. ಹೃದಯದ ಪಂಪು ದುರ್ಬಲವಾಗಿರೋರಿಗೆ ಇಟ್ರಾಕೊನಜೋಲೇ ಅಪಾಯ ಅನ್ನೋದು ಇನ್ನೊಂದು. ಒಂದು ಗಂಟು ಬಿಚ್ಚಿದರೆ ಇನ್ನೊಂದು ಬಿಗಿಯುತ್ತೆ ಮೇಷ್ಟ್ರೇ. ನಿಮ್ಮ ಪೂರ್ತಿ ಪಟ್ಟಿ ಕಣ್ಣ ಮುಂದೆ ಇಟ್ಟುಕೊಂಡು ಡಾಕ್ಟ್ರೇ ಬಿಚ್ಚಬೇಕು. ಇರಿ, ಚೀಟಿ ಮೇಲೆ ನಂಬರ್ ಇದೆ, ಕ್ಲಿನಿಕ್ಕಿಗೆ ಈಗಲೇ ಫೋನ್ ಮಾಡ್ತೀನಿ.

ಅವಳು ಒಳಗೆ ಹೋಗಿ ಫೋನಿನಲ್ಲಿ ಮಾತಾಡಿದಳು. ಐದು ನಿಮಿಷ ಹಿಡಿಯಿತು. ಮೇಷ್ಟ್ರ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ ಓದಿ ಹೇಳಿದ್ದು ಹೊರಗೂ ಕೇಳಿಸಿತು.

ಶಿಷ್ಯೆ: ಡಾಕ್ಟ್ರು ಥ್ಯಾಂಕ್ಸ್ ಹೇಳಿದರು. ಇರೋದು ಒಂದೇ ಉಂಗುರ ಆದ್ದರಿಂದ ನುಂಗೋ ಮಾತ್ರೆ ಸದ್ಯಕ್ಕೆ ಬೇಡ, ಹಚ್ಚೋ ಮುಲಾಮು ಸಾಕು, ಎರಡು ವಾರ ಬಿಟ್ಟು ಬರಲಿ ಅಂದರು. ಸೆಟ್ರಿಜಿನ್ ಬೇರೆ ಕೊಳ್ಳಬೇಡಿ. ಅವರು ಕೊಟ್ಟ ಲಿವೋಸೆಟ್ರಿಜಿನ್ 5 ಮಿಲಿಗ್ರಾಂ ರಾತ್ರಿಗೆ ಒಂದು, ಸೀನಿಗೂ ಅದೇ ಆಗುತ್ತೆ. ಎರಡೂ ನುಂಗಿದರೆ ಒಂದೇ ಔಷಧಿ ಎರಡು ಸಲ ತಗೊಂಡ ಹಾಗೆ. ಮಂಪರಿನಲ್ಲಿ ನಡುರಾತ್ರಿ ಬಚ್ಚಲಿಗೆ ಹೋಗುವಾಗ ಬೀಳ್ತೀರಿ.

ಮೇಷ್ಟ್ರು: ಇನ್ನು ಯಾವ್ಯಾವುದಕ್ಕೆ ಹೆದರಬೇಕು ಹೇಳಿಬಿಡು.

ಶಿಷ್ಯೆ: ನೆಗಡಿ ತಿರುಗಿ ಕಫ, ಜ್ವರ ಆದಾಗ ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಅನ್ನೋ ಆಂಟಿಬಯಾಟಿಕ್ ಬರೀತಾರೆ. ಅವೂ ಆ ಯಂತ್ರ ಹಿಡಿಯೋವೇ. ಆಮೇಲೆ, ಅಂಗಡಿಯಲ್ಲಿ ಸುಮ್ಮನೆ ಕೇಳಿ ತಗೊಳ್ಳೋ ನೆಗಡಿ ಮಾತ್ರೆ. ಅದರಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತೆ, ಹಳೇ ಕಾಲದ ಅಲರ್ಜಿ ಔಷಧಿ. ಕೊಲೆಸ್ಟ್ರಾಲ್ ಮಾತ್ರೆಗೆ ಅದರಿಂದ ತೊಂದರೆ ಇಲ್ಲ. ಆದರೆ ಪ್ರಾಸ್ಟೇಟ್ ದಪ್ಪವಾದ ಗಂಡಸರಿಗೆ ಮೂತ್ರ ಕಟ್ಟುತ್ತೆ, ವಯಸ್ಸಾದವರಿಗೆ ಬಾಯಿ ಒಣಗುತ್ತೆ, ಮಲಬದ್ಧತೆ, ತಲೆ ಮಂಕು. ಅದೇ ಮಾತ್ರೆಯಲ್ಲಿ ಮೂಗು ಬಿಡಿಸೋಕೆ ಅಂತ ಫೀನೈಲೆಫ್ರಿನ್ ಇರುತ್ತೆ. ಬಿಪಿ ಇರೋರಿಗೆ ಅದು ಒಳ್ಳೇದಲ್ಲ. ಕೊಲೆಸ್ಟ್ರಾಲಿಗೆ ಮಾತ್ರೆ ತಗೊಳ್ಳೋರಲ್ಲಿ ಬಿಪಿ ಇಲ್ಲದವರು ಎಷ್ಟು ಜನ ಸಿಗ್ತಾರೆ ಹೇಳಿ.

ಮೇಷ್ಟ್ರು: ನಮ್ಮ ಮನೆಯವರದ್ದೂ ಒಂದು ಕೇಳಬೇಕು. ಅವಳಿಗೂ ಕೊಲೆಸ್ಟ್ರಾಲ್ ಇದೆ. ಅವಳ ಅಲರ್ಜಿ ಮಾತ್ರೆಯಲ್ಲಿ ಮಾಂಟೆಲುಕಾಸ್ಟ್ ಕೂಡ ಸೇರಿದೆ.

ಶಿಷ್ಯೆ: ಸ್ಟಾಟಿನ್ ಜೊತೆ ಪರವಾಗಿಲ್ಲ. ಟ್ರೈಗ್ಲಿಸರೈಡಿಗೆ ಅಂತ ಜೆಮ್‌ಫೈಬ್ರೋಜಿಲ್ ಇದ್ದರೆ ಮಾತ್ರ ಹೇಳಿ, ಅದು ಮಾಂಟೆಲುಕಾಸ್ಟ್ ಮಟ್ಟ ಏರಿಸುತ್ತೆ, ಸ್ಟಾಟಿನ್ ಜೊತೆ ಸ್ನಾಯುವಿಗೂ ಕೆಟ್ಟದ್ದು. ಅಮ್ಮನವರಿಗೆ ನಿದ್ದೆ ಹೇಗಿದೆ?

ಮೇಷ್ಟ್ರು: ಕೆಟ್ಟ ಕನಸು ಅಂತಾಳೆ. ಒಂದು ತಿಂಗಳಿಂದ.

ಶಿಷ್ಯೆ: ಮಾತ್ರೆ ಶುರುವಾಗಿದ್ದು?

ಮೇಷ್ಟ್ರು: ಒಂದೂವರೆ ತಿಂಗಳಾಯ್ತು.

ಶಿಷ್ಯೆ: ಹಾಗಾದರೆ ಈ ವಾರವೇ ಅವರ ಡಾಕ್ಟ್ರಿಗೆ ತೋರಿಸಿ. ಕೆಟ್ಟ ಕನಸು, ಕಿರಿಕಿರಿ, ಮನಸ್ಸು ಕುಗ್ಗೋದು ಈ ಔಷಧಿಯಿಂದ ಕೆಲವರಿಗೆ ಆಗುತ್ತೆ. ಅಮೆರಿಕದಲ್ಲಿ 2020ರಲ್ಲಿ ಇದಕ್ಕೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿದರು. ವಯಸ್ಸು ಅಂತ ಸುಮ್ಮನಾಗಬೇಡಿ.

ಮೇಷ್ಟ್ರು: ಆಯ್ತು. ಇನ್ನು ನನ್ನ ಚಕ್ಕೋತ. ಹಿತ್ತಲಿನ ಮರ ಈ ಸಲ ಬಾಗಿ ಬಿಟ್ಟಿದೆ. ಅದರ ಬಗ್ಗೆಯೂ ಏನೋ ಕೇಳಿದ ನೆನಪು.

ಶಿಷ್ಯೆ: ಕೇಳಿದ್ದು ಗ್ರೇಪ್‌ಫ್ರೂಟ್ ಹಣ್ಣಿನ ಮಾತು ಇರಬೇಕು. ಚಕ್ಕೋತಕ್ಕೂ ಸಿಹಿ ಕಿತ್ತಳೆಗೂ ಹುಟ್ಟಿದ ಕೂಸು ಅದು. ಚಕ್ಕೋತದಲ್ಲೂ ಕರುಳಿನ ಗೋಡೆಯ ಸಿವೈಪಿ3ಎ4 ಅನ್ನ ಕೆಡಿಸೋ ಅಂಶ ಇದೆ, ತಳಿಯಿಂದ ತಳಿಗೆ ಹೆಚ್ಚು ಕಡಿಮೆ. ಒಂದು ಲೋಟ ಗ್ರೇಪ್‌ಫ್ರೂಟ್ ರಸದಿಂದ ಅಟೋರ್ವಾ ಮಟ್ಟ ಮೂರನೇ ಒಂದರಷ್ಟು ಏರುತ್ತೆ, ಲೀಟರುಗಟ್ಟಲೆ ಕುಡಿದರೆ ಎರಡು ಪಟ್ಟಿಗೂ ಹೆಚ್ಚು. ನಮ್ಮ ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿ ಸಿಕ್ಕಿದೆ ಅಂತ ನನಗೂ ಹೆಮ್ಮೆ. ತಿನ್ನಲೇಬೇಡಿ ಅಂತ ಹೇಳೋಕೆ ಬಾಯಿ ಬರೋದಿಲ್ಲ. ಅಪರೂಪಕ್ಕೆ ನಾಲ್ಕು ತೊಳೆ ತಿಂದರೆ ಗಾಬರಿ ಬೇಡ. ದಿನಾ ಜ್ಯೂಸ್ ಮಾಡಿ ಕುಡಿಯಬೇಡಿ. ಈ ಹಣ್ಣು ಬಿಡೋ ಕಾಲಕ್ಕೆ ರೋಸುವಾಗೆ ಬದಲಾಯಿಸಬಹುದಾ ಅಂತ ಡಾಕ್ಟ್ರನ್ನ ಕೇಳಿ. ಫೆಕ್ಸೋಫೆನಡಿನ್ ತಗೊಳ್ಳೋರಿಗೆ ಹಣ್ಣಿನ ರಸ ಉಲ್ಟಾ ತೊಂದರೆ ಕೊಡುತ್ತೆ. ಕಿತ್ತಳೆ, ಸೇಬು, ಯಾವ ರಸದ ಜೊತೆ ನುಂಗಿದರೂ ಮಾತ್ರೆ ಮೈಗೆ ಸರಿಯಾಗಿ ಹತ್ತೋದಿಲ್ಲ, ಅಲರ್ಜಿ ನಿಲ್ಲೋದಿಲ್ಲ. ಅದಕ್ಕೆ ನೀರೇ ಆಗಬೇಕು. ಹೊಟ್ಟೆ ಉರಿಗೆ ಕುಡಿಯೋ ಆಂಟಾಸಿಡ್ ಕೂಡ ಅದರ ಪಕ್ಕ ಬೇಡ.

ಮೇಷ್ಟ್ರು: ಇಷ್ಟೆಲ್ಲ ಕೇಳಿದ ಮೇಲೆ ಇವತ್ತು ರಾತ್ರಿ ಅಟೋರ್ವಾ ನುಂಗಿದರೆ ನಾಳೆ ಬೆಳಗ್ಗೆ ತೊಡೆ ನೋಯುತ್ತೆ ನೋಡು.

ಶಿಷ್ಯೆ: ನೋಯಬಹುದು, ಅದೂ ಪರೀಕ್ಷೆ ಆಗಿದೆ. ಲಂಡನ್ನಿನಲ್ಲಿ ಸ್ಟಾಟಿನ್ ಸಹಿಸೋಕಾಗಲ್ಲ ಅಂತ ಬಿಟ್ಟಿದ್ದ ಅರವತ್ತು ಜನರಿಗೆ ಒಂದು ವರ್ಷ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧಿಯೇ ಇಲ್ಲದ ಬರೀ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ನಡೆಸಿದರು. ಯಾವುದು ನಿಜವಾದ ಸ್ಟಾಟಿನ್, ಯಾವುದು ಬರೀ ಮಾತ್ರೆ ಅಂತ ನುಂಗೋರಿಗೆ ಗೊತ್ತಿಲ್ಲ. ಸ್ಟಾಟಿನ್ ತಿಂಗಳಲ್ಲಿ ಬಂದ ತೊಂದರೆಯ ಹತ್ತರಲ್ಲಿ ಒಂಬತ್ತು ಪಾಲು ಬರೀ ಮಾತ್ರೆಯ ತಿಂಗಳಲ್ಲೂ ಬಂತು. 2020ರಲ್ಲಿ ಪ್ರಕಟವಾಯ್ತು. ಹಾಗಂತ ನೋವು ಸುಳ್ಳಲ್ಲ, ಅವರಿಗೆ ನಿಜವಾಗಿ ನೋಯ್ತಿತ್ತು. ನೋವು ಬಂದರೆ ಬಂದು ಹೇಳಿ, ಸಿಪಿಕೆ ಮಾಡಿಸೋಣ, ರಿಪೋರ್ಟು ಡಾಕ್ಟ್ರಿಗೆ ತೋರಿಸೋಣ. ಮೂತ್ರ ಕಂದಾದರೆ ಮಾತ್ರ ಕಾಯದೆ ನೇರ ಆಸ್ಪತ್ರೆ.

ಅವಳು ಕ್ಯಾಲೆಂಡರಿನ ಹಳೇ ಹಾಳೆಯ ಬೆನ್ನಿಗೆ ಬರೆದಳು: ಅಟೋರ್ವಾಸ್ಟಾಟಿನ್ 40, ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75, ಮೆಟೊಪ್ರೊಲಾಲ್ 25, ಲಿವೋಸೆಟ್ರಿಜಿನ್ 5. ಕೆಳಗೆ, ‘ಹೋದ ವರ್ಷ ಸ್ಟೆಂಟ್’. ಅದರ ಕೆಳಗೆ ಔಷಧಿಗಳ ಅಡ್ಡ ಪರಿಣಾಮ ವರದಿ ಮಾಡುವ ರಾಷ್ಟ್ರೀಯ ಸಹಾಯವಾಣಿ, 1800-180-3024.

ಶಿಷ್ಯೆ: ಇದು ನಿಮ್ಮ ಜೇಬಿನಲ್ಲೇ ಇರಲಿ. ಹಲ್ಲಿನ ಡಾಕ್ಟ್ರ ಹತ್ತಿರ ಹೋದರೂ ಮೊದಲು ಇದನ್ನ ಮೇಜಿನ ಮೇಲಿಡಿ. ಅವರು ಕೇಳಲಿ ಬಿಡಲಿ.

ಮೇಷ್ಟ್ರು: ಇಡ್ತೀನಿ. ನಾಳೆ ವಾಕಿಂಗಿನಲ್ಲಿ ಆ ಸ್ನೇಹಿತರಿಗೂ ತೋರಿಸ್ತೀನಿ. ಅವರಿಗೂ ಸ್ಟೆಂಟ್ ಇದೆ, ಸೀನೂ ಇದೆ. ಅವರೂ ಮಾತ್ರೆ ಬಿಟ್ಟಿದ್ದಾರೆ ಅಂತ ಕಾಣುತ್ತೆ.

ಶಿಷ್ಯೆ: ನಾಳೆ ತನಕ ಕಾಯಬೇಡಿ ಮೇಷ್ಟ್ರೇ. ಈಗಲೇ ಫೋನ್ ಮಾಡಿ.